ಎಣ್ಣೆಯಲ್ಲಿ ನೆನೆಸಿದ ಇದ್ದಿಲಿನಿಂದ ಬಿಡಿಸಿದ ಚಿತ್ರ ಅಳಿಸುವುದಿಲ್ಲವೇ?

ಇದ್ದಿಲಿನ ಚಿತ್ರಕ್ಕೆ ಕೈ ತಗುಲಿದರೆ ಸಾಕು, ಮಸಿ ಹರಡುತ್ತದೆ. ಇದ್ದಿಲು ಕಡ್ಡಿಯನ್ನು ಎಣ್ಣೆಯಲ್ಲಿ ನೆನೆಸಿದರೆ ಹೀಗಾಗುವುದಿಲ್ಲ ಎನ್ನುತ್ತಾರೆ. ಇದು ಅರ್ಧ ಸತ್ಯ.

ನಿಜ ಎಷ್ಟು?
ಇದ್ದಿಲಿನ ಸಣ್ಣ ರಂಧ್ರಗಳು ಎಣ್ಣೆ ಹೀರುತ್ತವೆ. ಗೆರೆ ದಟ್ಟ ಕಪ್ಪಾಗಿ ಕಾಗದಕ್ಕೆ ಅಂಟುತ್ತದೆ. 16ನೇ ಶತಮಾನದಲ್ಲೇ ವೆನಿಸ್‌ನ ಕಲಾವಿದ ಟಿಂಟೊರೆಟ್ಟೊ ಹೀಗೆ ಚಿತ್ರ ಬಿಡಿಸಿದ್ದ. ಆದರೆ ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸುವುದು ಕಷ್ಟ. ಎಣ್ಣೆ ಹೆಚ್ಚಾದರೆ ಗೆರೆಯ ಸುತ್ತ ಹಳದಿ ಕಲೆಯೂ ಮೂಡುತ್ತದೆ.

ಯಾವ ಎಣ್ಣೆ?
ಮೋರಟಗಿ, ಸಿಂದಗಿ ಕಡೆಯ ಮನೆಗಳಿಗೆ ಅಗಸಿ, ಕುಸುಬಿ ಹೊಸದಲ್ಲ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ. ಕುಸುಬಿ ಎಣ್ಣೆ ಇನ್ನೂ ನಿಧಾನ. ಶೇಂಗಾ, ಕೊಬ್ಬರಿ ಎಣ್ಣೆ ಹೀಗೆ ಒಣಗುವುದಿಲ್ಲ. ಕಾಗದ ಜಿಡ್ಡಾಗಿಯೇ ಉಳಿಯುತ್ತದೆ.

ಮಾಡುವುದು ಹೇಗೆ?
ಬರಿ ಇದ್ದಿಲು ಕಡ್ಡಿ ಬಳಸಿ. ಪೆನ್ಸಿಲ್ ಆದರೆ ಅದರ ಮರವೂ ಎಣ್ಣೆ ಕುಡಿಯುತ್ತದೆ. ನೆನೆಸಿದ ಕಡ್ಡಿಯನ್ನು ಚೆನ್ನಾಗಿ ಒರೆಸಿ, ಮೊದಲು ರದ್ದಿ ಕಾಗದದ ಮೇಲೆ ಗೀಚಿ ನೋಡಿ. ಎಣ್ಣೆ ಕಾಯಿಸಬೇಡಿ.

ಮರೆಯಬಾರದ ಎಚ್ಚರಿಕೆ
ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಉಳಿದು, ಕಡ್ಡಿ ಗೀರದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ. ಇಲ್ಲವೇ ಹೊರಗೆ ಬಿಡಿಸಿ ಒಣಹಾಕಿ.

ಮಸಿ ಹರಡದಿರುವುದಷ್ಟೇ ಬೇಕಿದ್ದರೆ ಎಣ್ಣೆ ಬೇಕಿಲ್ಲ. ಸಾದಾ ಇದ್ದಿಲಿನಿಂದ ಬಿಡಿಸಿ, ಬಯಲಲ್ಲಿ ನಿಂತು ಫಿಕ್ಸೆಟಿವ್ ಸ್ಪ್ರೇ ಹೊಡೆಯಿರಿ. ಎಣ್ಣೆಯ ಉಪಾಯವನ್ನು ಫಾರ್ವರ್ಡ್ ಮಾಡುವುದಾದರೆ, ಬಟ್ಟೆಯ ಎಚ್ಚರಿಕೆಯನ್ನೂ ಜೊತೆಗೇ ಕಳುಹಿಸಿ.