ಹಸೆಮಣೆಯ ಹಿತವಚನ ಯಾರಿಗೆ? ತಿಪ್ಪಸಂದ್ರ ಸೀಮೆಯ ಮದುವೆ ಮರ್ಯಾದೆಗಳ ಚರಿತ್ರೆ

ಮದುವೆ ಗೊತ್ತಾದ ಹುಡುಗ ಹುಡುಗಿಗೆ ಇಂದು ಬುದ್ಧಿ ಹೇಳುವವರಿಗೆ ಬರವಿಲ್ಲ. ಛತ್ರ ಯಾವುದು, ಅಡುಗೆ ಯಾರಿಗೆ ವಹಿಸಬೇಕು, ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು, ಉಡುಗೊರೆ ಬೇಡವೆಂದು ಅಚ್ಚು ಹಾಕಿಸುವುದು ಸರಿಯೇ ಎಂಬುದೆಲ್ಲ ಈಗ ವಧೂವರರೇ ಕೇಳಿ ತಿಳಿಯುವ ಸಂಗತಿಗಳು. ಇದನ್ನು ಪೇಟೆಯಿಂದ ಬಂದ ಹೊಸ ಚಾಳಿ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಮದುವೆ ಹೇಗೆ ನಡೆಯಬೇಕು ಎಂಬ ಕಟ್ಟುಕಟ್ಟಳೆ ಮಾಗಡಿ ಸೀಮೆಯಲ್ಲಿ ಹಿಂದೆಯೂ ಬಲು ವಿವರವಾಗಿಯೇ ಇತ್ತು. ಆಗ ಆ ಮಾತು ಎರಡು ಮನೆಗಳಿಗೆ, ಎರಡು ಊರುಗಳಿಗೆ ಸಲ್ಲುತ್ತಿತ್ತು. ಹಸೆಮಣೆ ಏರುವ ಇಬ್ಬರಿಗೆ ಅದನ್ನು ಹೇಳುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ. ಸಲಹೆಯನ್ನು ಕೇಳಿಸಿಕೊಳ್ಳುವವರು ಬದಲಾದದ್ದು ಯಾವಾಗ, ಏಕೆ ಎಂಬುದೇ ಈ ಲೇಖನದ ಪ್ರಶ್ನೆ. ಆ ಬದಲಾವಣೆಗೆ ಪೇಟೆಯ ಶೋಕಿಗಿಂತ ಕಾನೂನು ಮತ್ತು ಕನ್ನಡ ನಾಡಿನದೇ ಆದ ವಿಚಾರ ಚಳವಳಿ ಹೆಚ್ಚು ಕಾರಣ ಎಂಬುದು ನನ್ನ ವಾದ.

ತಿಪ್ಪಸಂದ್ರ ಮಾಗಡಿ ತಾಲ್ಲೂಕಿನ ಒಂದು ಹೋಬಳಿ. ತಾಲ್ಲೂಕು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು, ಅನಂತರ ಬೆಂಗಳೂರು ಗ್ರಾಮಾಂತರಕ್ಕೆ, 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. ಮಳೆ ನಂಬಿದ ರಾಗಿ ಹೊಲಗಳ ಸೀಮೆಯಾದ್ದರಿಂದ ಲಗ್ನದ ಕಾಲವನ್ನು ಪಂಚಾಂಗದಷ್ಟೇ ಕಣವೂ ನಿರ್ಧರಿಸುತ್ತಿತ್ತು. ರಾಗಿ ಒಕ್ಕಣೆ ಮುಗಿದು, ಧನುರ್ಮಾಸ ಕಳೆದು, ಸಂಕ್ರಾಂತಿ ಆದ ಮೇಲೆ ಕೈಯಲ್ಲಿ ಕಾಳು, ಮೈಗೆ ಬಿಡುವು. ಆಷಾಢ ಹೇಗೂ ವರ್ಜ್ಯ, ಅದೇ ಬಿತ್ತನೆಯ ಕಾಲವೂ ಹೌದು. ಶಾಸ್ತ್ರ ಮತ್ತು ಬೇಸಾಯ ಹೀಗೆ ಒಂದಕ್ಕೊಂದು ಒತ್ತಾಸೆಯಾಗಿದ್ದವು. ದಿನ ಗೊತ್ತುಮಾಡುವುದು ಹಿರಿಯರ ಕೆಲಸವಾಗಿದ್ದುದಕ್ಕೆ ಅಧಿಕಾರವೊಂದೇ ಕಾರಣವಲ್ಲ. ಕಣಜದ ಲೆಕ್ಕ ಅವರಿಗೇ ಗೊತ್ತಿತ್ತು.

ಮರ್ಯಾದೆಯ ಸೂಕ್ಷ್ಮಗಳು ಎದ್ದು ಕಾಣುತ್ತಿದ್ದುದು ವೀಳ್ಯಶಾಸ್ತ್ರದಲ್ಲಿ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಅರಿಶಿಣ ಕುಂಕುಮ. ಸುತ್ತ ಎರಡೂ ಕಡೆಯ ನಂಟರು, ಊರ ಯಜಮಾನರು. ಮೊದಲ ವೀಳ್ಯ ದೇವರಿಗೆ, ಆಮೇಲೆ ಗುರುವಿಗೆ, ಕುಲದ ಯಜಮಾನನಿಗೆ, ಬಳಿಕ ಬಂದ ಊರುಗಳವರಿಗೆ. ಈ ಸರದಿ ತಪ್ಪಿದರೆ ಗೊತ್ತಾದ ಸಂಬಂಧವೇ ಅಲುಗಾಡಬಹುದಿತ್ತು. ಸೋದರಮಾವನ ಪಾಲಿಗೆ ಬೇರೆಯೇ ಮರ್ಯಾದೆ. ಕುಂಬಾರರು ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬರೆದ ಅರಿವೇಣಿ ಗಡಿಗೆಗಳನ್ನು ತರಬೇಕು, ಮಡಿವಾಳರು ನಡೆಮಡಿ ಹಾಸಬೇಕು, ಕ್ಷೌರಿಕರು ಉಗುರು ತೆಗೆಯುವ ಶಾಸ್ತ್ರ ನಡೆಸಬೇಕು. ಅವರವರ ಆಯ ಅವರವರಿಗೆ ಸಲ್ಲಬೇಕು. ಇಷ್ಟು ದೊಡ್ಡ ಏರ್ಪಾಡಿನಲ್ಲಿ ವರನಿಗೋ ವಧುವಿಗೋ ತಾವಾಗಿ ತೀರ್ಮಾನಿಸುವ ಒಂದು ಸಂಗತಿಯೂ ಇರಲಿಲ್ಲ. ಈ ವ್ಯವಸ್ಥೆಯನ್ನು ಹಾಡಿ ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮರೆಯಬಾರದು. ಯಾರು ಯಾವ ಪಂಕ್ತಿಯಲ್ಲಿ ಉಣ್ಣಬೇಕು, ಯಾರು ಚಪ್ಪರದ ಹೊರಗೇ ನಿಲ್ಲಬೇಕು ಎಂಬುದೂ ಇದೇ ಮರ್ಯಾದೆಯ ಭಾಗವಾಗಿತ್ತು. ಜಾತಿಯ ಮೇಲುಕೀಳನ್ನು ಎಲ್ಲರ ಕಣ್ಣೆದುರು ಮತ್ತೊಮ್ಮೆ ಸ್ಥಾಪಿಸುವ ಕೆಲಸವನ್ನೂ ಮದುವೆಯ ಚಪ್ಪರ ಮಾಡುತ್ತಿತ್ತು.

ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಹೊರಬಂದ ಮೈಸೂರು ಸಂಸ್ಥಾನದ ಬುಡಕಟ್ಟು, ಜಾತಿಗಳ ಸಂಪುಟಗಳೂ, ಎಂ.ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬದ ಅಧ್ಯಯನವೂ ಮದುವೆಯನ್ನು ಮನೆಗಳ ನಡುವಣ ಕೊಡುಕೊಳ್ಳುವಿಕೆಯಾಗಿಯೇ ವಿವರಿಸುತ್ತವೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಿದ್ದ ತೆರ ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿತ್ತು. ಅದು ಕರಗಿ ವರದಕ್ಷಿಣೆ ತಲೆಯೆತ್ತಿದಾಗ ಹಣ ಹರಿಯುವ ದಿಕ್ಕು ತಿರುವುಮುರುವಾಯಿತು, ಮಾತುಕತೆಗೆ ಕೂರುವವರು ಮಾತ್ರ ಅವರೇ ಉಳಿದರು. ಲಗ್ನಪತ್ರಿಕೆಯೂ ಇದಕ್ಕೆ ಒಳ್ಳೆಯ ಸಾಕ್ಷಿ. ಮೂಲೆಗಳಿಗೆ ಅರಿಶಿಣ ಸವರಿದ ಆ ಕಾಗದದ ನೆತ್ತಿಯಲ್ಲಿ ಮನೆದೇವರ ಪ್ರಸನ್ನತೆ, ಕೆಳಗೆ ಆಗಮನಾಭಿಲಾಷಿಗಳ ಉದ್ದನೆಯ ಪಟ್ಟಿ. ಕರೆಯುವವರು, ಮದುವೆ ಮಾಡಲು ನಿಶ್ಚಯಿಸಿದವರು ತಂದೆತಾಯಿಗಳು. ಚಿರಂಜೀವಿ ಮತ್ತು ಸೌಭಾಗ್ಯವತಿಯ ಮದುವೆಯನ್ನು ಅವರು ನಡೆಸಿಕೊಡುತ್ತಾರೆ.

ಹಿತವಚನ ಹಿಂದೆ ವಧೂವರರಿಗೆ ಸಲ್ಲುತ್ತಿರಲಿಲ್ಲ ಎಂಬ ಈ ಮಾತಿಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಸೋಬಾನೆ ಪದಗಳು ಮದುಮಗಳನ್ನೇ ಉದ್ದೇಶಿಸಿ ಬುದ್ಧಿ ಹೇಳುತ್ತವಲ್ಲ? ಅತ್ತೆ ಮಾವನೊಂದಿಗೆ ಹೇಗಿರಬೇಕು, ತವರಿಗೆ ಹೇಗೆ ಹೆಸರು ತರಬೇಕು ಎಂದು ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಹಾಡುವ ಪದಗಳು ನೂರಾರಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಉಳಿಸಿಕೊಂಡಿರುವ ಪರಂಪರೆಯಲ್ಲಿ ಈ ಹಾಡುಗಳದು ದೊಡ್ಡ ಪಾಲು. ಅವು ಹೆಣ್ಣಿನ ಸಂಕಟವನ್ನು ಬಾಯಿಬಿಟ್ಟು ಹೇಳುವ, ಕಣ್ಣು ತೇವವಾಗಿಸುವ ಕಾವ್ಯ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅವು ನನ್ನ ವಾದವನ್ನು ಕೆಡಿಸುವುದಿಲ್ಲ. ಆ ಬುದ್ಧಿಮಾತು ಧಾರೆ ಮುಗಿದ ಮೇಲಿನ ಬಾಳಿಗೆ ಸಂಬಂಧಿಸಿದ್ದು, ಮದುವೆ ಹೇಗೆ ನಡೆಯಬೇಕೆಂಬ ತೀರ್ಮಾನಕ್ಕಲ್ಲ. ಅಲ್ಲದೆ ಅದನ್ನು ಕೇಳಿಸಿಕೊಳ್ಳುವವಳು ಒಬ್ಬಳೇ. ಹೆಂಡತಿಯೊಂದಿಗೆ ಹೀಗಿರಪ್ಪಾ ಎಂದು ಮದುಮಗನಿಗೆ ಅಷ್ಟೇ ವಿಸ್ತಾರವಾಗಿ ಹೇಳುವ ಪದಗಳನ್ನು ಹುಡುಕಬೇಕಾಗುತ್ತದೆ. ಇಬ್ಬರನ್ನೂ ಸಮವಾಗಿ ಕೂರಿಸಿಕೊಂಡು ಹೇಳುವ ಮಾತಿಗೆ ಇಬ್ಬರೂ ಪ್ರಾಯಸ್ಥರಾಗಿರಬೇಕು, ಅದೇ ಇರಲಿಲ್ಲ.

ಇಬ್ಬರೂ ಪ್ರಾಯಸ್ಥರಾಗಿರಬೇಕೆಂಬ ನಿಯಮವನ್ನು ತಂದದ್ದು ಕಾನೂನು, ಅದೂ ನಿಧಾನವಾಗಿ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಬ್ರಿಟಿಷ್ ಭಾರತದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಅಂದರೆ ಮೂವತ್ತೈದು ವರ್ಷಗಳ ನಂತರ. ಇವೆರಡೂ ಎಚ್ಚರಿಕೆ ಕೊಟ್ಟದ್ದು ಮುಖ್ಯವಾಗಿ ಹೆತ್ತವರಿಗೆ, ಪೋಷಕರಿಗೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ವಧುವಿಗೆ ಹದಿನೈದು ವರ್ಷ ಸಾಕೆಂದು ಬಗೆದು, ಹದಿನೆಂಟು ತುಂಬದಿದ್ದರೆ ಪೋಷಕರ ಒಪ್ಪಿಗೆ ಬೇಕೆಂದಿತು. 1978ರ ತಿದ್ದುಪಡಿ ವಯಸ್ಸನ್ನು ಹದಿನೆಂಟು ಮತ್ತು ಇಪ್ಪತ್ತೊಂದಕ್ಕೆ ಏರಿಸಿದಾಗ ಪೋಷಕರ ಒಪ್ಪಿಗೆಯ ಆ ಕಲಮು ಅನಗತ್ಯವಾಗಿ ಬಿದ್ದುಹೋಯಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದು. ಕಾನೂನಿನ ಕಣ್ಣಿಗೆ ಇನ್ನು ಮದುವೆಯಾಗುವವರು ಆ ಇಬ್ಬರು ಮಾತ್ರ. ಹಳ್ಳಿಯಲ್ಲಿ ಮರುದಿನವೇ ಎಲ್ಲ ಬದಲಾಯಿತೆಂದಲ್ಲ. ಬದಲಾಗಬಲ್ಲ ನೆಲೆ ಸಿದ್ಧವಾಯಿತು.

ವಿಚಾರದ ನೆಲೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ವಿಧಾನದಲ್ಲಿ ನಡೆಸಿದರು. ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ಜಾತಕದ ಹಂಗಿಲ್ಲ; ವಧೂವರರು ತಾವೇ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಮದುವೆ ಹೇಗಾಗಬೇಕೆಂದು ಕನ್ನಡದಲ್ಲಿ, ಆಗುವವರಿಗೇ ಹೇಳಿದ ಮಾತುಗಳಲ್ಲಿ ನಾನು ಇದಕ್ಕೆ ಮೊದಲ ಮಣೆ ಹಾಕುತ್ತೇನೆ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘವು ಸರಳ ಮದುವೆಯನ್ನು ಚಳವಳಿಯ ಭಾಗವಾಗಿಸಿ ಈ ಕ್ರಮವನ್ನು ಹಳ್ಳಿಗಳಿಗೆ ಒಯ್ದಿತು. ಮದುವೆಯ ಸಾಲ ರೈತನ ಜಮೀನು ನುಂಗುತ್ತದೆ ಎಂಬ ಅರಿವು ಅದರ ಹಿಂದಿತ್ತು. ಅಮೆರಿಕದಲ್ಲಿ ಎಮಿಲಿ ಪೋಸ್ಟ್ 1922ರಲ್ಲಿ ಬರೆದ ಶಿಷ್ಟಾಚಾರದ ಗ್ರಂಥ ಮದುವೆಯ ರೀತಿನೀತಿಯನ್ನು ಅನುಕೂಲಸ್ಥ ಮನೆಗಳ ಅಳತೆಯಲ್ಲಿ ಕಲಿಸಿತ್ತು. ನಮ್ಮಲ್ಲಿ ವಧೂವರರಿಗೆ ಹೇಳಿದ ಮಾತು ಖರ್ಚನ್ನು ಕಳೆಯುವ, ಸಮಾನತೆಯನ್ನು ಕೂಡಿಸುವ ಮಾತಾಗಿ ಹುಟ್ಟಿತು ಎಂಬುದು ಹೆಮ್ಮೆಪಡಬೇಕಾದ ಸಂಗತಿ.

ಹಾಗಿದ್ದರೆ ಇಂದಿನ ಕಲ್ಯಾಣ ಮಂಟಪದ ಮದುವೆ? ಹಿಂದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಮುಹೂರ್ತ, ಆಮೇಲೆ ಬೀಗರೂಟ. ಮಧ್ಯೆ ಫೋಟೋ ತೆಗೆಯುವವರ ಅಪ್ಪಣೆ. ಯಜಮಾನನ ಜಾಗಕ್ಕೆ ಕಂಟ್ರಾಕ್ಟುದಾರ ಬಂದದ್ದೇ ಹೊರತು ವಧೂವರರಿಗೆ ಏನೂ ದಕ್ಕಿಲ್ಲ ಎಂಬುದು ಎರಡನೆಯ ಆಕ್ಷೇಪ. ಅದರಲ್ಲಿ ಅರ್ಧ ಸತ್ಯವಿದೆ. ಖರ್ಚು ಈಗಲೂ ಹೆಚ್ಚಾಗಿ ಹೆತ್ತವರದು, ಅದರಲ್ಲೂ ಹೆಣ್ಣು ಹೆತ್ತವರದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಉಡುಗೊರೆಯ ಹೆಸರಿನಲ್ಲಿ ದಾಟುವವರು ಇಂದಿಗೂ ಇದ್ದಾರೆ. ಹಳೆಯ ಕ್ರಮದಲ್ಲಿ ಮುಯ್ಯಿ ಒಂದು ಆಸರೆಯಾಗಿತ್ತು. ಯಾವ ಊರಿನ ಯಾರು ಎಷ್ಟು ಓದಿಸಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವ ಏರ್ಪಾಡು ಅದು. ಬಡ್ಡಿಯಿಲ್ಲದ ಆ ನೆರವಿನಿಂದ ಎಷ್ಟೋ ಮನೆಗಳ ಮದುವೆ ಸಾಲವಿಲ್ಲದೆ ಸಾಗುತ್ತಿತ್ತು. ಉಡುಗೊರೆ ಬೇಡವೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ಸಭ್ಯತೆಯೇ ಹೌದು, ಆದರೆ ಸಾಲ ಮಾಡಿ ಮದುವೆ ಮಾಡುವ ಮನೆಗೆ ಆ ಸಲಹೆ ಸಲ್ಲದು. ಆಕ್ಷೇಪದ ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಕಂಟ್ರಾಕ್ಟುದಾರನನ್ನು ಬೇಡವೆನ್ನಬಹುದು, ಕುಲದ ಯಜಮಾನನನ್ನು ಬೇಡವೆನ್ನುವ ಹಾದಿ ಮದುಮಗಳಿಗೆ ಇರಲಿಲ್ಲ. ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದಿರುವ ಸಾಮೂಹಿಕ ವಿವಾಹ, ಮಂತ್ರ ಮಾಂಗಲ್ಯ, ವಿಶೇಷ ವಿವಾಹ ಕಾಯ್ದೆಯಡಿ ಮೂವತ್ತು ದಿನದ ನೋಟಿಸು ಕೊಟ್ಟು ಆಗುವ ನೋಂದಣಿ, ಮಂಟಪದ ಅದ್ಧೂರಿ, ಊರಿನ ಚಪ್ಪರ, ಇವೆಲ್ಲ ತಿಪ್ಪಸಂದ್ರದ ಹುಡುಗ ಹುಡುಗಿಯ ಎದುರಿಗೂ ಇವತ್ತು ಇವೆ. ಮನೆಯವರ ಒತ್ತಡ, ಜಾತಿಯ ಕಟ್ಟು ಆ ಆಯ್ಕೆಯನ್ನು ಕಿರಿದುಗೊಳಿಸುತ್ತವೆ ಎಂಬುದು ನಿಜ. ಆದ್ದರಿಂದಲೇ ಅವರಿಗೆ ಹೇಳುವ ಹಿತವಚನ ಹೂವಿನ ಅಲಂಕಾರಕ್ಕಿಂತ ಮೊದಲು ವಯಸ್ಸು, ಒಪ್ಪಿಗೆ, ಸಾಲ, ನೋಂದಣಿ ಈ ನಾಲ್ಕರಿಂದ ಶುರುವಾಗಬೇಕು.