ಕೊಡೆಯಡಿಯ ಅಂಗಡಿ ಅರಮನೆಯಾದ ಕಥೆ

ಪ್ಯಾರಿಸ್‌ನ ಸೇನ್ ನದಿಗೆ ಕಟ್ಟಿರುವ ಸೇತುವೆಗಳಲ್ಲಿ ಒಂದರ ಹೆಸರು ಪೋಂ ನೆಫ್. ಅಂದರೆ ‘ಹೊಸ ಸೇತುವೆ’. ಆದರೆ ನಗರದಲ್ಲಿ ಇಂದು ಉಳಿದಿರುವ ಸೇತುವೆಗಳ ಪೈಕಿ ಅದೇ ಅತ್ಯಂತ ಹಳೆಯದು! ಹತ್ತೊಂಬತ್ತನೇ ಶತಮಾನದಲ್ಲಿ ಅರ್ನೆಸ್ಟ್ ಕೊನ್ಯಾಕ್ ಎಂಬ ತರುಣ ಆ ಸೇತುವೆಯ ಮೇಲೆ ಕೊಡೆ ಬಿಡಿಸಿಟ್ಟು ಬಟ್ಟೆ ಮಾರುತ್ತಿದ್ದ. ಚಿಕ್ಕಂದಿನಲ್ಲೇ ಅನಾಥನಾದವನು, ಅಂಗಡಿಯಿಟ್ಟು ಒಮ್ಮೆ ಕೈಸುಟ್ಟುಕೊಂಡವನು. 1870ರಲ್ಲಿ ಸೇತುವೆಯ ಸಮೀಪವೇ ಆತ ಮತ್ತೊಂದು ಪುಟ್ಟ ಅಂಗಡಿ ತೆರೆದ. ಮುಂದೆ ‘ಲಾ ಸಮಾರಿಟೇನ್’ ಎಂದು ಲೋಕಪ್ರಸಿದ್ಧವಾದದ್ದು ಅದೇ ಅಂಗಡಿ. 16 ವರ್ಷ ಬಾಗಿಲು ಮುಚ್ಚಿದ್ದ ಈ ಮಳಿಗೆ ಜೀರ್ಣೋದ್ಧಾರಗೊಂಡು 2021ರ ಜೂನ್ 23ರಂದು ಮತ್ತೆ ತೆರೆಯಿತು.

ಹೆಸರಿನ ಹಿಂದೆಯೂ ಒಂದು ಕಥೆಯಿದೆ. ಹದಿನೇಳನೇ ಶತಮಾನದ ಆರಂಭದಲ್ಲಿ ದೊರೆ ನಾಲ್ಕನೇ ಹೆನ್ರಿಯ ಕಾಲಕ್ಕೆ ಈ ಸೇತುವೆಯ ಪಕ್ಕದಲ್ಲಿ ನದಿಯ ನೀರೆತ್ತುವ ಯಂತ್ರವೊಂದನ್ನು ನಿರ್ಮಿಸಲಾಯಿತು. ಅದರ ಮೇಲೆ ಬೈಬಲ್ಲಿನ ಸಮಾರ್ಯದ ಹೆಂಗಸಿನ ಶಿಲ್ಪವಿತ್ತು. ಯೆಹೂದ್ಯರು ಸಮಾರ್ಯದವರೊಂದಿಗೆ ಬಳಕೆ ಇಟ್ಟುಕೊಳ್ಳದಿದ್ದ ಕಾಲದಲ್ಲಿ ಯೇಸು ಬಾವಿಕಟ್ಟೆಯಲ್ಲಿ ಆಕೆಯನ್ನು ನೀರು ಕೇಳಿದ ಪ್ರಸಂಗ ಅದು. ಯಂತ್ರವನ್ನು 1813ರಲ್ಲಿ ಕೆಡವಿದರು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದು ಅಂಗಡಿಗೆ ಅಂಟಿಕೊಂಡಿತು.

ಕೊನ್ಯಾಕ್‌ನ ಪತ್ನಿ ಮಾರಿ-ಲೂಯಿಸ್ ಜೇ ಕೂಡ ಬಡತನದಿಂದ ಬಂದವಳು. ಆಲ್ಪ್ಸ್ ಬೆಟ್ಟಸೀಮೆಯ ಸಮೋಎನ್ ಊರಿನ ಈಕೆ ಪ್ಯಾರಿಸ್‌ನ ‘ಬೊಂ ಮಾರ್ಶೆ’ ಮಳಿಗೆಯಲ್ಲಿ ಮಾರಾಟಗಾರ್ತಿಯಾಗಿದ್ದಳು. ಆಗಿನ ವ್ಯಾಪಾರದಲ್ಲಿ ಆ ಮಳಿಗೆ ಒಂದು ಕ್ರಾಂತಿಯನ್ನೇ ಮಾಡಿತ್ತು. ಅದಕ್ಕೆ ಮೊದಲು ಪ್ರತಿ ಸಾಮಾನಿಗೂ ಬೇರೆ ಅಂಗಡಿ, ಪ್ರತಿ ಗಿರಾಕಿಗೂ ಬೇರೆ ಬೆಲೆ. ಒಳಗೆ ಕಾಲಿಟ್ಟರೆ ಏನಾದರೂ ಕೊಳ್ಳಲೇಬೇಕೆಂಬ ಮುಜುಗರ. ಹೊಸ ಮಳಿಗೆಗಳಲ್ಲಿ ಬೆಲೆಯನ್ನು ಚೀಟಿಯ ಮೇಲೆ ಬರೆದಿಟ್ಟರು; ಚೌಕಾಸಿಗೆ ಅವಕಾಶವಿರಲಿಲ್ಲ. ಯಾರು ಬೇಕಾದರೂ ಒಳಗೆ ಬಂದು, ನೋಡಿ, ಮುಟ್ಟಿ, ಬರಿಗೈಯಲ್ಲಿ ಹಿಂತಿರುಗಬಹುದಿತ್ತು.

1872ರಲ್ಲಿ ಮದುವೆಯಾದ ದಂಪತಿಗಳು ಇದೇ ದಾರಿ ಹಿಡಿದರು. ಒಂದೊಂದು ವಿಭಾಗದ ಮುಖ್ಯಸ್ಥನೂ ತನ್ನದೇ ಅಂಗಡಿ ಎಂಬಂತೆ ವ್ಯವಹಾರ ನೋಡಿಕೊಳ್ಳುತ್ತಿದ್ದ. ಸಮಾರಿಟೇನ್‌ನಲ್ಲಿ ಸಿಗದ ವಸ್ತುವೇ ಇಲ್ಲ ಎಂಬುದು ಪ್ಯಾರಿಸ್‌ನಲ್ಲಿ ಮನೆಮಾತಾಯಿತು. ಉಡುಪಿನ ಜೊತೆಗೆ ಪಾತ್ರೆಪಡಗ, ಮನೆ ರಿಪೇರಿಯ ಸಲಕರಣೆ, ಸಾಕುಪ್ರಾಣಿ ಎಲ್ಲವೂ ಒಂದೇ ಸೂರಿನಡಿ. ಇಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಮಧ್ಯಮವರ್ಗದವರು, ದುಡಿಯುವ ಜನ.

ಅಂಥವರಿಗಾಗಿ ಎದ್ದ ಕಟ್ಟಡವಾದರೂ ಅರಮನೆಯಂಥದ್ದು. 1905ರಿಂದ 1910ರ ನಡುವೆ ವಾಸ್ತುಶಿಲ್ಪಿ ಫ್ರಾಂಟ್ಸ್ ಜೂರ್ದಾಂ ಕಬ್ಬಿಣದ ಚೌಕಟ್ಟು, ಗಾಜಿನ ಚಾವಣಿ, ಬಣ್ಣದ ಹೂಬಳ್ಳಿಯ ಫಲಕಗಳಿಂದ ಇದನ್ನು ರೂಪಿಸಿದ. ಮೇಲಂತಸ್ತಿನ ಗೋಡೆಗೆ ನವಿಲುಗಳ ಚಿತ್ರ ಬರೆದವನು ಅವನ ಮಗ ಫ್ರಾನ್ಸಿಸ್. 1920ರ ದಶಕದಲ್ಲಿ ಆನ್ರಿ ಸೋವಾಜ್ ಜೊತೆಗೂಡಿ ನದಿಯ ಕಡೆಗೆ ವಿಸ್ತರಿಸಿದಾಗ ಕಬ್ಬಿಣಕ್ಕೆ ಕಲ್ಲಿನ ಹೊದಿಕೆ ತೊಡಿಸಲಾಯಿತು.

ಶತಮಾನದ ಕೊನೆಗೆ ವ್ಯಾಪಾರ ಇಳಿಮುಖವಾಯಿತು. 2001ರಲ್ಲಿ ಐಷಾರಾಮಿ ಸರಕುಗಳ ದೈತ್ಯ ಸಂಸ್ಥೆ ಎಲ್‌ವಿಎಂಎಚ್ ಮಳಿಗೆಯನ್ನು ಕೊಂಡಿತು. ಬೊಂ ಮಾರ್ಶೆ ಅದಾಗಲೇ ಇದೇ ಸಂಸ್ಥೆಯ ಕೈಯಲ್ಲಿತ್ತು. ಬೆಂಕಿ ಬಿದ್ದರೆ ಅನಾಹುತವಾದೀತು ಎಂಬ ಕಾರಣಕ್ಕೆ 2005ರ ಜೂನ್‌ನಲ್ಲಿ ಬಾಗಿಲು ಹಾಕಲಾಯಿತು. ಕೆಲಸಗಾರರು ಬೀದಿಗಿಳಿದು ಪ್ರತಿಭಟಿಸಿದರು.

ಮುಂದಿನದು ಕೋರ್ಟಿನ ಅಧ್ಯಾಯ. ರಿವೊಲಿ ರಸ್ತೆಯ ಕಡೆಗೆ ಜಪಾನಿನ ‘ಸಾನಾ’ ವಾಸ್ತುಶಿಲ್ಪಿಗಳು ಅಲೆಯಂತೆ ಬಾಗಿದ ಗಾಜಿನ ಮುಂಭಾಗವನ್ನು ಸೂಚಿಸಿದ್ದರು. ಹಳೆಯ ಬೀದಿಗೆ ಇದು ಹೊಂದದೆಂದು ಪರಂಪರೆಯ ರಕ್ಷಕರು ನ್ಯಾಯಾಲಯಕ್ಕೆ ಹೋದರು. 2014ರಲ್ಲಿ ಪರವಾನಗಿ ರದ್ದಾಯಿತು. 2015ರ ಜೂನ್‌ನಲ್ಲಿ ಫ್ರಾನ್ಸಿನ ಉನ್ನತ ಆಡಳಿತ ನ್ಯಾಯಾಲಯ ಪರವಾನಗಿಯನ್ನು ಎತ್ತಿಹಿಡಿಯಿತು. ಒಟ್ಟು ವೆಚ್ಚ ಸುಮಾರು 75 ಕೋಟಿ ಯೂರೊ. ಕುಶಲಕರ್ಮಿಗಳು ನವಿಲುಗಳ ಬಣ್ಣವನ್ನು ಮರಳಿ ತಂದರು, ದೊಡ್ಡ ಮೆಟ್ಟಿಲಿನ ಅಲಂಕಾರಕ್ಕೆ ಹೊಸದಾಗಿ ಚಿನ್ನದ ರೇಕು ಹಚ್ಚಿದರು.

ಈಗ ಅಲ್ಲಿರುವುದು ದುಬಾರಿ ಕೈಚೀಲ, ಸುಗಂಧ, ಗಡಿಯಾರಗಳು. ನದಿಯ ಕಡೆಗೊಂದು ಐಷಾರಾಮಿ ಹೋಟೆಲು. ಅದೇ ಸಂಕೀರ್ಣದಲ್ಲಿ ಕಡಿಮೆ ಬಾಡಿಗೆಯ 96 ಸಾಮಾಜಿಕ ವಸತಿಗಳೂ ಒಂದು ಶಿಶುವಿಹಾರವೂ ಇವೆ ಎಂಬುದನ್ನು ಮರೆಯುವಂತಿಲ್ಲ. ಇಷ್ಟಾದರೂ ಮಳೆಗಾಲಕ್ಕೊಂದು ಕೊಡೆಯನ್ನೋ ಅಡುಗೆಮನೆಗೊಂದು ಬಾಣಲೆಯನ್ನೋ ಕೊಳ್ಳಲು ಬರುತ್ತಿದ್ದ ಹಳೆಯ ಗಿರಾಕಿಗೆ ಇಲ್ಲಿ ನೋಡಲು ಬಹಳ ಇದೆ, ಕೊಳ್ಳಲು ಮಾತ್ರ ಕಡಿಮೆ.

ಕಲ್ಲು, ಕಬ್ಬಿಣ, ಬಣ್ಣಗಳನ್ನು ಹಣವಿದ್ದರೆ ಮೊದಲಿನಂತೆ ಮಾಡಬಹುದು. ಕಟ್ಟಡ ಪಾಳು ಬೀಳುವುದಕ್ಕಿಂತ ಇದೇ ಮೇಲು ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಒಂದು ಅಂಗಡಿಯ ಇತಿಹಾಸವೆಂದರೆ ಅದರ ಗೋಡೆಗಳಷ್ಟೇ ಅಲ್ಲ, ಅಲ್ಲಿಗೆ ಬಂದು ಹೋದ ಜನರೂ ಹೌದು. ಭೇದವೆಣಿಸದೆ ನೀರು ಕೇಳಿದ ಬಾವಿಕಟ್ಟೆಯ ಹೆಸರನ್ನು ಹೊತ್ತ ಮಳಿಗೆಯನ್ನು ಕುರಿತು ಈ ಪ್ರಶ್ನೆ ಕೇಳದಿರುವುದಾದರೂ ಹೇಗೆ?