ಹಸುಳೆಯ ನಿದ್ರೆ ಮತ್ತು ಹಾಲೂಡಿಕೆಯ ಬದಲಾವಣೆಗಳು: ಗಡಿನಾಡ ಮನೆಗಳು ಅರಿತಿರಬೇಕಾದ ವಿಷಯಗಳು

ನಿನ್ನೆಯವರೆಗೆ ನೆಮ್ಮದಿಯಿಂದ ಮಲಗುತ್ತಿದ್ದ ಮಗು ಇಂದು ರಾತ್ರಿಯಿಡೀ ಎಚ್ಚರವಾಗಿರುತ್ತದೆ; ಮೂರು ಗಂಟೆಗೊಮ್ಮೆ ಹಾಲು ಕುಡಿಯುತ್ತಿದ್ದ ಕೂಸು ಗಂಟೆಗೊಮ್ಮೆ ಅಳತೊಡಗುತ್ತದೆ. ಇಂತಹ ಬದಲಾವಣೆಗಳಲ್ಲಿ ಬಹುಪಾಲು ಸಹಜ ಬೆಳವಣಿಗೆಯವು. ಕೆಲವು ಮಾತ್ರ ಅಪಾಯದ ಸೂಚನೆಗಳು. ಆರೋಗ್ಯ ಕೇಂದ್ರದಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಕೇಳಿದ ಪ್ರಶ್ನೆ ಪೂರ್ತಿ ಅರ್ಥವಾಗದೆ, ಸಂಕೋಚದಿಂದ ತಲೆಯಾಡಿಸಿ ಹಿಂದಿರುಗುವ ಬಾಣಂತಿಯರನ್ನು ನಾನು ಕಂಡಿದ್ದೇನೆ. ಆದುದರಿಂದ ಈ ವಿಷಯಗಳು ನಮ್ಮ ಭಾಷೆಯಲ್ಲಿಯೇ ನಮಗೆ ತಿಳಿದಿರುವುದು ಅಗತ್ಯ.

ಮೊದಲ ಆರು ವಾರಗಳು

ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗುತ್ತದೆ, ಆದರೆ ತುಂಡು ತುಂಡಾಗಿ. ಅದಕ್ಕೆ ಹಗಲು ರಾತ್ರಿಗಳ ಭೇದ ತಿಳಿಯದು. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಜೀರ್ಣವಾಗುತ್ತದೆ. ಹೀಗಾಗಿ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲೂಡಿಸಬೇಕಾಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ; ಸಾಮಾನ್ಯವಾಗಿ ಎರಡು ವಾರಗಳೊಳಗೆ ಅದು ಮರಳಿ ಬರುತ್ತದೆ. ಅಲ್ಲಿಯವರೆಗೆ ಮಗು ತಾನಾಗಿ ಏಳದಿದ್ದರೂ ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲುಣಿಸಬೇಕು. "ಅಳುವುದೇ ಇಲ್ಲ, ಬಹಳ ಸಾಧು ಕೂಸು" ಎಂದು ಹಿರಿಯರು ಮೆಚ್ಚುವ ಮಗು ಕೆಲವೊಮ್ಮೆ ಹಾಲು ಸಾಲದೆ ಸೋತು ಮಲಗಿರುವುದುಂಟು.

ಹಾಲು ಸಾಲುತ್ತಿಲ್ಲವೇ?

ಎರಡು ಮೂರನೆಯ ವಾರ, ಆರನೆಯ ವಾರ ಮತ್ತು ಮೂರನೆಯ ತಿಂಗಳ ಹೊತ್ತಿಗೆ ಅನೇಕ ಮಕ್ಕಳು ಕೆಲವು ದಿನ ಪದೇ ಪದೇ ಹಾಲು ಕೇಳುತ್ತವೆ. ಸಂಜೆಯ ಅಳುವೂ ಆರನೆಯ ವಾರದ ಸುಮಾರಿಗೆ ಹೆಚ್ಚಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಇದನ್ನು ಕಂಡು ತಾಯಿಯ ಹಾಲು ಬತ್ತಿತೆಂದು ಬಾಟಲಿ ಹಿಡಿಸುವುದು ಸಾಮಾನ್ಯ ತಪ್ಪು. ಮಗು ಎಷ್ಟು ಕುಡಿಯುವುದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿ ಬಂದರೆ ಕುಡಿಯುವುದು ಕಡಿಮೆಯಾಗಿ ಹಾಲು ನಿಜವಾಗಿಯೂ ಇಳಿಯುತ್ತದೆ. ಮೊದಲ ವಾರದ ನಂತರ ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಮೂತ್ರ ವಿಸರ್ಜನೆ ಹಾಗೂ ಏರುತ್ತಿರುವ ತೂಕ, ಇವೆರಡೂ ಹಾಲು ಸಾಲುತ್ತಿದೆ ಎಂಬುದಕ್ಕೆ ನಂಬಬಹುದಾದ ಸಾಕ್ಷಿಗಳು.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು. ಸೋಲಾಪುರದ ಬೇಸಿಗೆಯಲ್ಲಿಯೂ ಪ್ರತ್ಯೇಕವಾಗಿ ನೀರು ಕುಡಿಸಬೇಕಾಗಿಲ್ಲ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಅದರಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ನಾಲ್ಕನೆಯ ತಿಂಗಳಿನಿಂದ

ಎರಡರಿಂದ ನಾಲ್ಕು ತಿಂಗಳೊಳಗೆ ಹಗಲಿರುಳಿನ ಲಯ ಮೂಡುತ್ತದೆ. ಹಗಲು ಬೆಳಕು ಮತ್ತು ಮಾತು, ರಾತ್ರಿ ಮಂದ ಬೆಳಕು ಮತ್ತು ಮೌನ, ಇವು ಆ ಲಯಕ್ಕೆ ನೆರವಾಗುತ್ತವೆ. ನಾಲ್ಕನೆಯ ತಿಂಗಳ ಸುಮಾರಿಗೆ ನಿದ್ರೆಯ ಸ್ವರೂಪವೇ ಬದಲಾಗುವುದರಿಂದ ಮಗು ಮತ್ತೆ ಮತ್ತೆ ಏಳಬಹುದು. ಎಂಟು ಒಂಬತ್ತು ತಿಂಗಳಲ್ಲಿ ಅಂಬೆಗಾಲಿಡುವ ಉತ್ಸಾಹವೂ ತಾಯಿಯನ್ನು ಅಗಲುವ ಭಯವೂ ನಿದ್ರೆಯನ್ನು ಕೆಡಿಸುತ್ತವೆ. ಲಸಿಕೆಯ ನಂತರ ಒಂದೆರಡು ದಿನ ಸಣ್ಣ ಜ್ವರ, ಕಿರಿಕಿರಿ ಇರುವುದುಂಟು.

ಆರು ತಿಂಗಳು ತುಂಬಿದ ಬಳಿಕ ಎದೆಹಾಲಿನೊಂದಿಗೆ ಮೆತ್ತನೆಯ ಆಹಾರ ಆರಂಭಿಸಬೇಕು: ಕಾಸರಗೋಡಿನ ರಾಗಿ ಮಣ್ಣಿಯಾಗಲಿ, ಹೊಸೂರಿನ ರಾಗಿ ಸರಿಯಾಗಲಿ, ಮೆತ್ತಗೆ ಮಸೆದ ಬೇಳೆ ಅನ್ನವಾಗಲಿ. ದಿನಕ್ಕೆ ಎರಡು ಮೂರು ಬಾರಿ, ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಬಾರಿ. ಎದೆಹಾಲು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಯಬಹುದು.

ಪ್ರತಿ ನಿದ್ರೆಗೂ ಮಗುವನ್ನು ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿಯಾಗಿದ್ದು, ಮುಖದ ಬಳಿ ದಿಂಬು, ದಪ್ಪ ಹೊದಿಕೆಗಳು ಇರಬಾರದು.

ತಡಮಾಡದೆ ಆಸ್ಪತ್ರೆಗೆ

- ಹಾಲು ಕುಡಿಯಲು ನಿರಾಕರಿಸುವುದು ಅಥವಾ ಚೀಪಲು ಶಕ್ತಿಯಿಲ್ಲದಿರುವುದು
- ಎಬ್ಬಿಸಿದರೂ ಏಳದ ಮಂಪರು
- ಎರಡು ತಿಂಗಳೊಳಗಿನ ಮಗುವಿಗೆ ಜ್ವರ, ಇಲ್ಲವೇ ಮೈ ತಣ್ಣಗಾಗುವುದು
- ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು. ಯಾವ ವಯಸ್ಸಿನಲ್ಲಾದರೂ ಉಸಿರಾಡುವಾಗ ಎದೆ ಒಳಸೇರುವುದು
- ಫಿಟ್ಸ್, ಅಂಗೈ ಅಂಗಾಲು ಹಳದಿಯಾಗುವುದು, ಮೂತ್ರ ತೀರ ಕಡಿಮೆಯಾಗುವುದು

ನಿದ್ರೆ ಕಡಿಮೆಯಾದುದಕ್ಕಿಂತ, ನಿದ್ರೆ ಹೆಚ್ಚಿ ಹಾಲು ಕಡಿಮೆಯಾದುದು ಹೆಚ್ಚು ಕಳವಳಕಾರಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ ಮತ್ತು ಸಾಗಣೆ ಉಚಿತ.

ಅಂಕಿಗಳ ಹಾಳೆ

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕೆಂಬ ನಿಯಮವಿದೆ. ಆಕೆಗೆ ಕನ್ನಡ ಬಾರದಿರಬಹುದು. ಆದರೆ ಅಂಕಿಗಳಿಗೆ ಗಡಿಯಿಲ್ಲ. ಮನೆಯಲ್ಲಿ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಇದ್ದರೆ, ನೋಟು ಪುಸ್ತಕದ ಒಂದು ಹಾಳೆಯಲ್ಲಿ ದಿನಾಂಕ, ಹಾಲುಣಿಸಿದ ಬಾರಿ, ಮೂತ್ರದ ಬಾರಿ, ಮಲಗಿದ ಗಂಟೆ ಎಂದು ನಾಲ್ಕು ಕಲಂ ಎಳೆದು ದಿನವೂ 1, 2, 3 ಎಂದು ತುಂಬಿಸಲಿ. ಕಲಂಗಳ ತಲೆಬರಹವನ್ನು ಕನ್ನಡದ ಜೊತೆಗೆ ಆ ರಾಜ್ಯದ ಭಾಷೆಯಲ್ಲಿಯೂ ಶಾಲೆಯ ಗುರುಗಳಿಂದ ಬರೆಯಿಸಿಕೊಳ್ಳಿ. ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸುವ ಬದಲು ತಾಯಿ ಆ ಹಾಳೆಯನ್ನು ಮುಂದಿಡಲಿ. ಅದರಲ್ಲಿ ಮಗುವಿನ ಸ್ಥಿತಿ ಸ್ಪಷ್ಟವಾಗಿ ಕಾಣುತ್ತದೆ.